ಬಣ್ಣ, ಬೆಳಕು ಮತ್ತು ರೈತರ ಕಣ್ಣು



ಒಕ್ಕಣೆಯ ಹೊತ್ತಿನಲ್ಲಿ ಭತ್ತದ ಹೊಟ್ಟು ಸಿಡಿದು ಕಣ್ಣಿಗೆ ತಾಗುತ್ತದೆ. ಕಬ್ಬು ಕಡಿಯುವಾಗ ಗರಿ ಗೀರುತ್ತದೆ. ಆ ಗೀರಿನೊಳಗೆ ಫ್ಯುಸೇರಿಯಂ, ಆಸ್ಪರ್‌ಜಿಲಸ್‌ನಂಥ ಶಿಲೀಂಧ್ರ ಹೊಕ್ಕರೆ ಕಣ್ಣಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ಇದಕ್ಕೆ ಇಂದಿಗೂ ಮೊದಲ ಮದ್ದು ನಟಮೈಸಿನ್ ಹನಿ. ಆದರೆ ಎಲ್ಲ ಹುಣ್ಣೂ ಅದಕ್ಕೆ ಬಗ್ಗುವುದಿಲ್ಲ. ಅಂಥ ಕಣ್ಣುಗಳಿಗಾಗಿಯೇ ವೈದ್ಯರು ಬಣ್ಣ ಮತ್ತು ಬೆಳಕಿನ ಮೊರೆ ಹೋಗಿದ್ದಾರೆ.

ಈ ವಿಚಾರ ಹಳೆಯದು. ಮ್ಯೂನಿಕ್‌ನಲ್ಲಿ ಓದುತ್ತಿದ್ದ ಆಸ್ಕರ್ ರಾಬ್ ಎಂಬ ವೈದ್ಯ ವಿದ್ಯಾರ್ಥಿ, ಆಕ್ರಿಡಿನ್ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಜೀವಿಗಳನ್ನು ಬಿಟ್ಟು ನೋಡಿದ. ಬೆಳಕು ಬಿದ್ದಾಗ ಅವು ಬೇಗ ಸಾಯುತ್ತಿದ್ದವು, ಕತ್ತಲಲ್ಲಿ ಬದುಕಿ ಉಳಿಯುತ್ತಿದ್ದವು. ಅದನ್ನು ಅವನು ಪ್ರಕಟಿಸಿದ್ದು 1900ರಲ್ಲಿ. ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂದು ಅವನ ಗುರು ಹರ್ಮನ್ ಫಾನ್ ಟಾಪೈನರ್ ಮುಂದೆ ತೋರಿಸಿದರು. ಬಣ್ಣದ ಅಣು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕದ ಆಯಸ್ಸು ನೀರಿನಲ್ಲಿ ಕೆಲವೇ ಮೈಕ್ರೋಸೆಕೆಂಡು. ಅಷ್ಟರೊಳಗೆ ಅದು ಶಿಲೀಂಧ್ರದ ಪೊರೆ, ಪ್ರೋಟೀನು, ವಂಶವಾಹಿ ಯಾವುದು ಎದುರಾದರೂ ಸುಡುತ್ತದೆ. ಹಲವು ಕಡೆ ಒಮ್ಮೆಗೇ ಪೆಟ್ಟು ಬೀಳುವುದರಿಂದ ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದು ಶಿಲೀಂಧ್ರಕ್ಕೆ ಬಲು ಕಷ್ಟ. ಮದ್ದಿಗೆ ಮಣಿಯದ ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರ ಆಸ್ಪತ್ರೆಗಳನ್ನು ಕಾಡುತ್ತಿರುವ ಈ ಕಾಲದಲ್ಲಿ ನನಗೆ ಭರವಸೆ ಹುಟ್ಟಿಸುವ ಗುಣ ಇದೇ.

ಕಣ್ಣಿಗೆ ಬಳಸುವ ಬಣ್ಣ ರೋಸ್ ಬೆಂಗಾಲ್. ಒಣಗಣ್ಣನ್ನು ಪತ್ತೆಹಚ್ಚಲು ಕಣ್ಣಿನ ವೈದ್ಯರು ದಶಕಗಳಿಂದ ಹಾಕುತ್ತಿದ್ದ ಅದೇ ಗುಲಾಬಿ ಬಣ್ಣ. ಅಮೆರಿಕದ ಮಯಾಮಿಯ ಬ್ಯಾಸ್ಕಮ್ ಪಾಮರ್ ಕಣ್ಣಿನ ಸಂಸ್ಥೆಯ ವೈದ್ಯರು ಹುಣ್ಣಿಗೆ ಅದನ್ನು ಹನಿಸಿ, ಹಸಿರು ಬೆಳಕು ಹಾಯಿಸಿದರು. ಮದ್ದಿಗೆ ಜಗ್ಗದೆ ಹುಣ್ಣು ಬೆಳೆಯುತ್ತಲೇ ಇದ್ದ 18 ಮಂದಿಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 72ರಷ್ಟು ಮಂದಿಗೆ ತುರ್ತಾಗಿ ಕಾರ್ನಿಯಾ ಕಸಿ ಮಾಡುವ ಪ್ರಮೇಯ ತಪ್ಪಿತು. ಎಲ್ಲರ ಸೋಂಕೂ ಶಿಲೀಂಧ್ರದ್ದಲ್ಲ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಆದ್ದರಿಂದ ಇದನ್ನು ಪವಾಡವೆಂದು ಯಾರೂ ಸಾರಬಾರದು.

ಈ ವಿಧಾನಕ್ಕೆ ಒಂದು ಮಿತಿ ಇದೆ, ರೈತ ಬಂಧುಗಳು ಅದನ್ನು ಗಮನಿಸಬೇಕು. ಬಣ್ಣ ಇಳಿದಷ್ಟು, ಬೆಳಕು ತಲುಪಿದಷ್ಟು ಆಳಕ್ಕೆ ಮಾತ್ರ ಇದರ ಕೆಲಸ. ಶಿಲೀಂಧ್ರದ ಎಳೆಗಳು ಕಾರ್ನಿಯಾದ ತಳಕ್ಕೆ ಇಳಿದ ಮೇಲೆ ಇದೂ ಸೋಲುತ್ತದೆ. ಕಣ್ಣಿಗೆ ಗೀರಿದಾಗ ಎದೆಹಾಲನ್ನೋ ಸೊಪ್ಪಿನ ರಸವನ್ನೋ ಹಾಕಿ ಕಾಯುತ್ತ ಕೂರಬೇಡಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಇನ್ನೂ ಅಪಾಯ. ಕೆಂಪು ಕಡಿಮೆಯಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.

ವಿದ್ಯಾರ್ಥಿಗಳೇ, ಶಿಲೀಂಧ್ರದ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಇಲ್ಲಿಗೆ ಬಂದಿರುವ ಹಿರಿಯರಿಗೆಲ್ಲ ಸಾವಕಾಶವಾಗಿ ತೋರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ನಿಮ್ಮ ಈ ವಿಜ್ಞಾನ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.