ಆಯಿಲ್ ನೋಡಿ, ಟ್ರ್ಯಾಕ್ಟರ್ ಹೂಡಿ



ಇವತ್ತು ಟ್ರ್ಯಾಕ್ಟರ್ ವಿಷಯ ಮಾತಾಡೋಣ. "ಅದು ಗಂಡಸರ ಕೆಲಸ ಅಲ್ವಾ ಟೀಚರ್?" ಅಂತೀರಾ? ಎಂಜಿನ್ ಕೆಟ್ಟರೆ ಗಿರವಿ ಅಂಗಡಿಗೆ ಹೋಗುವುದು ಯಾರ ಓಲೆ? ನಿಮ್ಮದು. ಅಂದ ಮೇಲೆ ಅದು ನಿಮ್ಮ ಕೆಲಸವೂ ಹೌದು.

ಹಾಸನದ ಕಡೆ ಆಲೂಗಡ್ಡೆ. ಹೊಳೆನರಸೀಪುರದಲ್ಲಿ ಭತ್ತ. ಅರಕಲಗೂಡಿನಲ್ಲಿ ಹೊಗೆಸೊಪ್ಪು. ಚನ್ನರಾಯಪಟ್ಟಣದಲ್ಲಿ ರಾಗಿ, ತೆಂಗು. ಎಲ್ಲದಕ್ಕೂ ಉಳುಮೆ ಬೇಕು. ಮಳೆ ಬಿದ್ದು ಭೂಮಿ ಹದವಾದಾಗ ಟ್ರ್ಯಾಕ್ಟರ್ ನಿಂತರೆ ಏನು ಗತಿ? ಹದ ನಮಗಾಗಿ ಕಾಯುವುದಿಲ್ಲ.

ಹಳೆಯ ಟ್ರ್ಯಾಕ್ಟರಿಗೆ ಆರೈಕೆ ಹೆಚ್ಚು ಬೇಕು. ಎಚ್.ಎಂ.ಟಿ. ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಅಂಥ ಗಾಡಿ ಇದ್ದವರು ಅದನ್ನು ಕಾಪಾಡಿಕೊಳ್ಳಬೇಕು.

ಮೊದಲು ಎಂಜಿನ್ ಆಯಿಲ್. ಎಂಜಿನ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ನಡುವೆ ಆಯಿಲ್ ಇರಬೇಕು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದೆವಲ್ಲ, ಹಾಗೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಟ್ರ್ಯಾಕ್ಟರ್ ಸಮನಾದ ಜಾಗದಲ್ಲಿರಲಿ. ಎಂಜಿನ್ ಪಕ್ಕದಲ್ಲಿ ಆಯಿಲ್ ಅಳೆಯುವ ಕಡ್ಡಿ ಇರುತ್ತದೆ. ಅದನ್ನು ಎಳೆಯಿರಿ. ಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ. ಕಡ್ಡಿಯಲ್ಲಿ ಎರಡು ಗುರುತು ಇವೆ. ಆಯಿಲ್ ಅವೆರಡರ ನಡುವೆ ಇರಬೇಕು. ಕಡಿಮೆ ಇದ್ದರೆ ಹಾಕಿ. ಮೇಲಿನ ಗುರುತು ದಾಟಿಸಬೇಡಿ.

ಆಯಿಲ್ ಕಪ್ಪಾಗಿದೆ ಅಂತ ಹೆದರಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಅದು ಬೇಗ ಕಪ್ಪಾಗುತ್ತೆ. ಆದರೆ ಹಾಲು ಬೆರೆತ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ ಅಂತ ಅರ್ಥ. ನಾವು ಹಾಕದೇ ಆಯಿಲ್ ಏರಿ, ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೇರಿದೆ. ಆಗ ಸ್ಟಾರ್ಟ್ ಮಾಡಬೇಡಿ. ಮೆಕ್ಯಾನಿಕ್ ಕರೆಸಿ.

ಈಗ ಒಂದು ಲೆಕ್ಕ. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಗೆ ಒಂದು ಸಲ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಬೇಕು. ದಿನಕ್ಕೆ 5 ಗಂಟೆ ಓಡಿದರೆ ಎಷ್ಟು ದಿನ ಆಯಿತು? 50 ದಿನ. ನಿಮ್ಮ ಟ್ರ್ಯಾಕ್ಟರಿಗೆ ಎಷ್ಟು ಗಂಟೆ, ಯಾವ ಆಯಿಲ್? ಕಂಪನಿ ಕೊಟ್ಟ ಪುಸ್ತಕದಲ್ಲಿ ಬರೆದಿದೆ. ನೀವೇ ಓದಿ. ಡಬ್ಬದ ಮೇಲಿನ ಅಕ್ಷರವನ್ನೂ ಓದಿಯೇ ದುಡ್ಡು ಕೊಡಿ. ಗಂಟೆ ಮೀಟರ್ ಕೆಟ್ಟಿದ್ದರೆ ಚಿಂತೆ ಇಲ್ಲ. ಓಡಿದ ಗಂಟೆಯನ್ನು ದಿನವೂ ನೋಟ್ ಬುಕ್ಕಿನಲ್ಲಿ ಬರೆಯಿರಿ.

ಇನ್ನು ಡೀಸೆಲ್. ಡೀಸೆಲ್‌ಗೆ ನೀರೇ ಶತ್ರು. ನೀರು ಭಾರ, ತಳಕ್ಕೆ ಇಳಿಯುತ್ತೆ. ಅದು ಒಳಗೆ ಹೋದರೆ ಪಂಪು, ನಾಜಲ್ ತುಕ್ಕು ಹಿಡಿಯುತ್ತವೆ. ಆ ರಿಪೇರಿ ದುಬಾರಿ. ಆದ್ದರಿಂದ ಕ್ಯಾನಿನ ತಳದ ಡೀಸೆಲ್ ಸುರಿಯಬೇಡಿ. ಸೋಸಿ ಹಾಕಿ. ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸಿ. ಟ್ಯಾಂಕ್ ಖಾಲಿ ಇದ್ದರೆ ರಾತ್ರಿ ಥಂಡಿಗೆ ಒಳಗೆ ನೀರು ಹನಿಗಟ್ಟುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಕಟ್ಟುವುದಿಲ್ಲವೇ, ಹಾಗೆ. ಡೀಸೆಲ್ ಫಿಲ್ಟರಿನ ತಳದಲ್ಲಿ ತಿರುಪು ಇದ್ದರೆ ಆಗಾಗ ಸಡಿಲಿಸಿ, ನೀರು ಹೊರಗೆ ಬಿಡಿಸಿ. ಡೀಸೆಲ್ ಪೂರ್ತಿ ಮುಗಿಯಲು ಬಿಡಬೇಡಿ. ಪೈಪಿಗೆ ಗಾಳಿ ಹೊಕ್ಕರೆ, ಅದನ್ನು ತೆಗೆಯುವ ತನಕ ಎಂಜಿನ್ ಹತ್ತುವುದಿಲ್ಲ.

ಎರಡು ಎಚ್ಚರಿಕೆ. ಪೈಪಿಗೆ ಬಾಯಿ ಇಟ್ಟು ಡೀಸೆಲ್ ಎಳೆಯಬಾರದು. ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೆಗೆದ ಹಳೆ ಆಯಿಲನ್ನು ಬಾವಿ ಹತ್ತಿರ, ನಾಲೆಗೆ ಚೆಲ್ಲಬೇಡಿ. ಹೇಮಾವತಿ ನೀರನ್ನೇ ನಾವೂ ದನಕರುವೂ ಕುಡಿಯುವುದು.

ಇವತ್ತೇ ಶುರು ಮಾಡಿ. ತಾರೀಖು, ಓಡಿದ ಗಂಟೆ, ಹಾಕಿದ ಡೀಸೆಲ್, ಆಯಿಲ್ ಬದಲಿಸಿದ ದಿನ. ಇಷ್ಟು ಬರೆದರೆ ಸಾಕು. ಮುಂದಿನ ವಾರ ಆ ಪುಸ್ತಕ ತನ್ನಿ. ಒಟ್ಟಿಗೆ ಕೂತು ಓದೋಣ.