ಪ್ರಶಸ್ತಿಯೂ ದತ್ತಿಯೂ

ಶಾಸನಗಳನ್ನು ಓದುವವರಿಗೆ ‘ಪ್ರಶಸ್ತಿ’ ಎಂಬ ಮಾತಿನಲ್ಲಿ ಬೇರೊಂದು ಅರ್ಥ ತೋರುತ್ತದೆ. ಶಾಸನದ ಆರಂಭದಲ್ಲಿ ದೇವತಾಸ್ತುತಿ. ಅದರ ಬಳಿಕ ದಾನಿಯ ವಂಶ, ಬಿರುದು, ಪರಾಕ್ರಮಗಳ ವರ್ಣನೆ. ಈ ವರ್ಣನೆಯೇ ಪ್ರಶಸ್ತಿ. ಅದು ಮುಗಿದ ಮೇಲೆ ಶಾಸನ ತನ್ನ ನಿಜವಾದ ಕೆಲಸಕ್ಕೆ ಇಳಿಯುತ್ತದೆ. ಇಂಥ ಸಂವತ್ಸರದಲ್ಲಿ, ಇಂಥ ತಿಥಿಯಲ್ಲಿ, ಇಂಥವರಿಗೆ ಇಷ್ಟು ಭೂಮಿ ಬಿಟ್ಟಿದೆ. ಅದರ ಚತುಸ್ಸೀಮೆ ಇಂತಿಂಥದು. ಇದು ದತ್ತಿ. ನಮ್ಮ ಕಾರ್ಕಳದಲ್ಲಿ ಇಮ್ಮಡಿ ಭೈರರಸ ಒಡೆಯನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ಶಾಸನದಲ್ಲಿಯೂ ಅರಸನ ಬಿರುದುಗಳಿವೆ, ಬಸದಿಯ ಪೂಜೆಗೆಂದು ಬಿಟ್ಟ ಉಂಬಳಿಯ ವಿವರವೂ ಇದೆ. ಬಿರುದುಗಳನ್ನು ಓದಿ ನಾವು ಸಂತೋಷಪಡಬಹುದು. ಆದರೆ ಆ ಕಾಲದ ರಾಜ್ಯ ಹೇಗೆ ನಡೆಯುತ್ತಿತ್ತೆಂದು ತಿಳಿಯಬೇಕಾದರೆ ದತ್ತಿಯ ಭಾಗಕ್ಕೇ ಬರಬೇಕು.

ಈ ಹಳೆಯ ವಿಂಗಡಣೆಯನ್ನು ಇಂದಿನ ವಿಷಯಕ್ಕೆ ಅನ್ವಯಿಸಿ ನೋಡಬೇಕೆಂದು ನನ್ನ ಆಸೆ. ವಿಷಯವಾದರೋ ನಮ್ಮ ವಿಶ್ವವಿದ್ಯಾನಿಲಯಗಳ ರಾಜ್ಯಶಾಸ್ತ್ರ ವಿದ್ವಾಂಸರ ಸಂಶೋಧನೆ ಮತ್ತು ಅವರಿಗೆ ಸಲ್ಲುವ ಗೌರವಗಳು. ಕನ್ನಡದ ಅಧ್ಯಾಪಕನಿಗೆ ರಾಜ್ಯಶಾಸ್ತ್ರದ ಉಸಾಬರಿ ಏಕೆಂದು ಕೆಲವರು ಕೇಳಿಯಾರು. ಅದಕ್ಕೆ ಉತ್ತರ ಮುಂದೆ ತಾನಾಗಿಯೇ ದೊರೆಯುತ್ತದೆ.

ಉಡುಪಿಯಲ್ಲಿ ಉನ್ನತ ಶಿಕ್ಷಣದ ಕಥೆ 1949ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನು ತೆರೆದಲ್ಲಿಂದ ಬಲಗೊಳ್ಳುತ್ತದೆ. ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು 1960ರದು. ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಕೊಣಾಜೆಯ ಗುಡ್ಡದ ಮೇಲೆ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕೇಂದ್ರವೊಂದು ಸ್ಥಾಪನೆಯಾಯಿತು. 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಮಣಿಪಾಲದ ವಿದ್ಯಾಸಂಸ್ಥೆಗಳು 1993ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ಪಡೆದುವು. ಮುಂದೆ ಅಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವೂ ತೆರೆಯಿತು; ಪತ್ರಕರ್ತರಾಗಿದ್ದ ಎಂ.ಡಿ. ನಾಲಪಾಟ್ ಅವರು ಯುನೆಸ್ಕೊ ಶಾಂತಿ ಪೀಠದ ಪ್ರಾಧ್ಯಾಪಕರಾಗಿ ಅದನ್ನು ಕಟ್ಟಿದರು. ಮೊದಲಲ್ಲಿ ವೈದ್ಯಕ್ಕೂ ಬ್ಯಾಂಕಿಗೂ ಹೆಸರಾದ ಊರು ಹೀಗೆ ರಾಷ್ಟ್ರ ರಾಷ್ಟ್ರಗಳ ಸಂಬಂಧವನ್ನು ಚಿಂತಿಸುವ ಸ್ಥಳವೂ ಆಯಿತು.

ಆದರೆ ಕಟ್ಟಡಗಳಿಗಿಂತ ಮನುಷ್ಯರ ಕೆಲಸ ದೊಡ್ಡದು. ಇಬ್ಬರನ್ನು ಮಾತ್ರ ಇಲ್ಲಿ ಉದಾಹರಿಸುತ್ತೇನೆ.

ಮೊದಲನೆಯವರು ಪ್ರೊ. ವೆಲೇರಿಯನ್ ರಾಡ್ರಿಗಸ್. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅನೇಕ ವರ್ಷ ಪಾಠ ಹೇಳಿ, ಬಳಿಕ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯಕ್ಕೆ ಹೋದವರು. ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಲಿಯ ರಾಷ್ಟ್ರೀಯ ಫೆಲೋ ಎಂಬ ಗೌರವ ಅವರಿಗೆ ಸಂದಿದೆ. ಇದು ಪ್ರಶಸ್ತಿಯ ಭಾಗ. ದತ್ತಿ ಯಾವುದೆಂದರೆ, 2002ರಲ್ಲಿ ಅವರ ಸಂಪಾದಕತ್ವದಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿದ ಅಂಬೇಡ್ಕರರ ಆಯ್ದ ಬರಹಗಳ ಸಂಪುಟ. ಅಂಬೇಡ್ಕರರ ಬರಹ ಹಲವಾರು ದಪ್ಪ ಸಂಪುಟಗಳಲ್ಲಿ ಹರಡಿಕೊಂಡಿದೆ. ಅದನ್ನು ವಿಷಯಾನುಸಾರವಾಗಿ ಆಯ್ದು, ಪೀಠಿಕೆಯೊಡನೆ ಒಂದೇ ಹೊತ್ತಗೆಯಲ್ಲಿ ಇಟ್ಟುದರಿಂದ, ಸಂವಿಧಾನದ ಶಿಲ್ಪಿಯೆಂದು ಮಾತ್ರ ಹೆಸರು ಕೇಳಿದ್ದ ವಿದ್ಯಾರ್ಥಿಗೆ ಆ ಮಹನೀಯರು ಜಾತಿ, ಧರ್ಮ, ಅರ್ಥನೀತಿ, ಪ್ರಜಾಪ್ರಭುತ್ವಗಳನ್ನು ಕುರಿತು ತರ್ಕಿಸಿದ ಚಿಂತಕರಾಗಿ ಕಾಣಿಸಿದರು. ಸಂಪಾದನೆ ಎಂಬುದು ಎಷ್ಟು ಹೊಣೆಯ ಕೆಲಸವೆಂದು ಹಳೆಯ ಕಾವ್ಯಗಳನ್ನು ಪರಿಷ್ಕರಿಸಿದ ನಮ್ಮ ಪಂಡಿತರಿಗೆ ಹೇಳಬೇಕಾಗಿಲ್ಲ.

ಎರಡನೆಯವರು ಪ್ರೊ. ಮುಜಾಫರ್ ಅಸ್ಸಾದಿ. ಇಂದು ಕಾಪು ತಾಲೂಕಿಗೆ ಸೇರಿರುವ ಶಿರ್ವದವರು. ದೆಹಲಿಯಲ್ಲಿ ಸಂಶೋಧನೆ ನಡೆಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾದರು; ಅಲ್ಲಿಯೇ ಪ್ರಭಾರಿ ಕುಲಪತಿಗಳೂ ಆದರು; ರಾಯಚೂರು ವಿಶ್ವವಿದ್ಯಾನಿಲಯ ರೂಪುಗೊಳ್ಳುವಾಗ ಅದರ ವಿಶೇಷಾಧಿಕಾರಿಯಾಗಿದ್ದರು. 2025ರ ಜನವರಿ 4ರಂದು ತೀರಿಕೊಂಡರು. ಇವೆಲ್ಲ ಬಿರುದಾವಳಿಯ ಪಂಕ್ತಿಗಳು. ಅವರ ದತ್ತಿಯ ಪಂಕ್ತಿಗಳನ್ನು ತುಸು ನಿಧಾನವಾಗಿ ಓದಬೇಕು.

1980ರಿಂದ 1994ರ ವರೆಗಿನ ಕರ್ನಾಟಕದ ರೈತ ಚಳವಳಿ ಅವರ ಅಧ್ಯಯನದ ವಸ್ತು. ಅದು 1997ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿ ಬಂತು. ಕರಾವಳಿಯವರೊಬ್ಬರು ಈ ವಸ್ತುವನ್ನು ಆಯ್ದುದರ ಸ್ವಾರಸ್ಯವನ್ನು ಗಮನಿಸಬೇಕು. ನಮ್ಮ ಕಡೆ ಭೂಮಿಯ ಪ್ರಶ್ನೆಯೆಂದರೆ ಗೇಣಿಯ ಪ್ರಶ್ನೆ. ಮೂಲಗೇಣಿಯವನಿಗೆ ನೆಲದ ಮೇಲೆ ಶಾಶ್ವತವಾದ ಹಿಡಿತವಿತ್ತು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿ ಉಳುತ್ತಿದ್ದ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಒಕ್ಕಲುಗಳು ಅರ್ಜಿ ಸಲ್ಲಿಸಿ, ನ್ಯಾಯಮಂಡಲಿಗಳ ಮುಂದೆ ನಿಂತು ‘ಡಿಕ್ಲರೇಶನ್’ ಎಂಬ ಇಂಗ್ಲಿಷ್ ಮಾತನ್ನೇ ಮನೆಮಾತಾಗಿಸಿಕೊಂಡರು. ಇಲ್ಲಿ ಹೋರಾಟ ಒಕ್ಕಲಿಗೂ ಧಣಿಗೂ. ಘಟ್ಟದ ಮೇಲಿನ ಕಥೆ ಬೇರೆ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಸಿಡಿದದ್ದು ಭೂಮಿಯುಳ್ಳ ರೈತನ ಸಿಟ್ಟು; ಅವನ ಎದುರಾಳಿ ಸರಕಾರ. ನೀರಿನ ಕರ, ಸಾಲ, ಬೆಳೆಯ ಬೆಲೆ ಅವನ ಪ್ರಶ್ನೆಗಳು. ಒಂದೇ ರಾಜ್ಯದೊಳಗೆ ‘ರೈತ’ ಎಂಬ ಒಂದೇ ಮಾತು ಹೀಗೆ ಎರಡು ಅರ್ಥ ತಾಳುತ್ತದೆ. ಆ ಅರ್ಥಭೇದವನ್ನು ಅರಿಯದೆ ಬರೆದ ರಾಜ್ಯಶಾಸ್ತ್ರ ನೆಲದ ಮೇಲೆ ನಿಲ್ಲಲಾರದು.

ಇನ್ನೊಂದು ಕೆಲಸ ಇದಕ್ಕಿಂತಲೂ ದೊಡ್ಡದೆಂದು ನನ್ನ ಎಣಿಕೆ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳ ಸ್ಥಿತಿಯನ್ನು ಪರಿಶೀಲಿಸಲು ರಾಜ್ಯದ ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಗೆ ಅಸ್ಸಾದಿಯವರು ಮುಖ್ಯಸ್ಥರಾದರು. 2014ರಲ್ಲಿ ಸಲ್ಲಿಸಿದ ಆ ಸಮಿತಿಯ ವರದಿ, ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. ಕಾಡಿನಲ್ಲಿ ಬಾಳಿದವರಿಗೆ ಪಟ್ಟೆಯಿಲ್ಲ, ಪಹಣಿಯಿಲ್ಲ. ಕಾಗದವಿಲ್ಲದವನು ಸರಕಾರದ ಕಣ್ಣಿಗೆ ಇಲ್ಲದವನೇ. ಹೀಗಿರುವಾಗ ‘ಕೆಲವು ಕುಟುಂಬಗಳು’ ಎಂದು ಬರೆಯುವುದು ಸುಲಭ. ಎಣಿಸಿ 3,418 ಎಂದು ಬರೆಯುವುದು ಕಷ್ಟ. ಮೊದಲನೆಯದು ಅನುಕಂಪ, ಎರಡನೆಯದು ಸಾಕ್ಷ್ಯ. ಶಾಸನದಲ್ಲಿ ಚತುಸ್ಸೀಮೆ ಹೇಗೋ ಇಲ್ಲಿ ಈ ಸಂಖ್ಯೆ ಹಾಗೆ. ವರದಿ ಬಂದೊಡನೆ ಎಲ್ಲರಿಗೂ ನೆಲೆ ದೊರೆಯಿತೆಂದು ಹೇಳುವಂತಿಲ್ಲ. ಅದನ್ನು ಜಾರಿಗೆ ತರಬೇಕೆಂಬ ಕೂಗು ವರ್ಷಾನುಗಟ್ಟಲೆ ಮುಂದುವರಿಯಿತು. ಆದರೆ ಆ ಕೂಗಿಗೆ ಊರಿಕೊಳ್ಳಲು ಒಂದು ದಾಖಲೆ ದೊರೆತದ್ದು ಸಂಶೋಧನೆಯಿಂದ.

ಈಗ ನನ್ನ ಮನಸ್ಸಿನಲ್ಲಿರುವ ಚಿಂತೆಯನ್ನು ಹೇಳಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನ್ಯಾಕ್ ಮಂಡಲಿ 1994ರಲ್ಲಿ ಆರಂಭವಾದ ಮೇಲೆ, ವಿದ್ಯಾಸಂಸ್ಥೆಗಳ ಗುಣವನ್ನು ಅಳೆಯುವ ಕ್ರಮವೊಂದು ರೂಢಿಗೆ ಬಂತು. ಅಳತೆ ಬೇಡವೆಂದು ನಾನು ಹೇಳುವುದಿಲ್ಲ. ಲೆಕ್ಕ ಕೇಳುವವರೇ ಇಲ್ಲದಿದ್ದರೆ ಆಲಸ್ಯ ಮಠ ಕಟ್ಟಿಕೊಂಡು ಕೂರುತ್ತದೆ. ಆದರೆ ಪ್ರಶಸ್ತಿಗಳೆಷ್ಟು, ಲೇಖನಗಳೆಷ್ಟು, ಅವು ಅಂತರರಾಷ್ಟ್ರೀಯ ಸೂಚಿಗಳಲ್ಲಿ ಸೇರಿದ ಪತ್ರಿಕೆಗಳವೇ ಎಂಬ ಎಣಿಕೆಯೇ ಮುಖ್ಯವಾದಾಗ, ಅಧ್ಯಾಪಕನು ಶಾಸನದ ಮೊದಲ ಭಾಗವನ್ನಷ್ಟೇ ಕೆತ್ತಲು ಕಲಿಯುತ್ತಾನೆ. ಆ ಸೂಚಿಗಳಲ್ಲಿ ಕನ್ನಡದ ನಿಯತಕಾಲಿಕಗಳಿಗೆ ಎಡೆ ತೀರ ವಿರಳ. ಆದ್ದರಿಂದ ಚಾಲಗೇಣಿಯನ್ನು ಕುರಿತ ಪ್ರಬಂಧವನ್ನು ಚಾಲಗೇಣಿಯವನ ಮೊಮ್ಮಗಳು ಓದಲಾರಳು. ಜೇನುಕುರುಬರನ್ನು ಕುರಿತದ್ದು ಹೆಗ್ಗಡದೇವನಕೋಟೆಯ ಶಾಲಾಶಿಕ್ಷಕನ ಕೈಗೆ ಸಿಗಲಾರದು. ಯಾರಿಂದ ತಿಳಿವಳಿಕೆಯನ್ನು ಪಡೆದೆವೋ ಅವರಿಗೇ ಅದು ಹಿಂತಿರುಗದಿದ್ದರೆ, ಅದನ್ನು ದಾನವೆನ್ನಬೇಕೋ ಗೇಣಿಯೆನ್ನಬೇಕೋ?

ಕನ್ನಡದ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂಬ ಪ್ರಶ್ನೆಗೆ ಉತ್ತರ ಇದೇ. ಇಂಥ ಹಿಂತಿರುಗಿಸುವಿಕೆ ಅಸಾಧ್ಯವೇನಲ್ಲ. ಅಂಬೇಡ್ಕರರ ಬರಹ, ಭಾಷಣಗಳು ಕನ್ನಡ ಸಂಪುಟಗಳಾಗಿ ಬಂದಿವೆ. ಅಸ್ಸಾದಿಯವರೇ ಕನ್ನಡದಲ್ಲಿ ಪತ್ರಿಕೆಗಳಿಗೆ ಬರೆದರು, ಪುಸ್ತಕಗಳನ್ನು ರಚಿಸಿದರು. ನಮ್ಮ ಉಡುಪಿಯಲ್ಲಿ ಇನ್ನೊಂದು ಆದರ್ಶವಿದೆ. ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ 1979ರಲ್ಲಿ ಕೈಗೊಂಡ ತುಳು ನಿಘಂಟು, ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1997ರ ಹೊತ್ತಿಗೆ ಆರು ಸಂಪುಟಗಳಾಗಿ ಪೂರ್ಣಗೊಂಡಿತು. ಮಾಗಣೆ, ಗುತ್ತು, ಒಕ್ಕಲು ಎಂಬ ಮಾತುಗಳ ಅರ್ಥಕ್ಕಾಗಿ ಅಲೆದಾಡುವ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಈ ಕರಾವಳಿಯಲ್ಲಿ ಅಧಿಕಾರ ಹೇಗೆ ಹಂಚಿಕೊಂಡಿತ್ತೆಂಬುದರ ಸುಳಿವು ಅಂಥ ನಿಘಂಟಿನಲ್ಲಿಯೇ ದೊರೆತೀತು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಡಾ. ಪಿ. ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ತುಳುವ ಇತಿಹಾಸ, ಸಂಸ್ಕೃತಿಗಳ ಮಹಾಗ್ರಂಥವೂ ಊರೂರು ತಿರುಗಿ ಕಂಡದ್ದರ ಫಲ. ವಿಭಾಗಗಳ ನಡುವಣ ಗೋಡೆ ನಾವು ಕಟ್ಟಿದ್ದು. ವಿಷಯಗಳಿಗೆ ಅದು ತಿಳಿಯದು.

ಆದ್ದರಿಂದ ವಿಶ್ವವಿದ್ಯಾನಿಲಯಗಳಿಗೆ ನನ್ನದೊಂದು ವಿಜ್ಞಾಪನೆ. ಒಬ್ಬ ಸಂಶೋಧಕನಿಗೆ ಪಿಎಚ್.ಡಿ. ಪದವಿ ಕೊಡುವಾಗ, ಪ್ರಬಂಧ ಯಾವ ಭಾಷೆಯಲ್ಲಿಯೇ ಇರಲಿ, ಅದರ ತಿರುಳನ್ನು ನಲವತ್ತು ಐವತ್ತು ಪುಟಗಳ ತಿಳಿಗನ್ನಡದಲ್ಲಿ ಬರೆಸಿ, ಅಧ್ಯಯನ ನಡೆದ ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ತಲಪಿಸಲಿ. ಆ ಬರಹವನ್ನೂ ಸಾಧನೆಯ ಲೆಕ್ಕಕ್ಕೆ ಸೇರಿಸಲಿ. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ, ಮನಸ್ಸು ಬೇಕು.

ಗೌರವಗಳು ಬರಲಿ, ಶಾಲು, ಹಾರ, ಫಲಕಗಳು ವಿದ್ವಾಂಸರಿಗೆ ಸಲ್ಲಲಿ. ವಿದ್ವತ್ತನ್ನು ಮನ್ನಿಸದ ಊರು ಬೆಳೆಯುವುದಿಲ್ಲ. ಆದರೆ ಮುಂದಿನ ತಲೆಮಾರಿನವರು ನಮ್ಮ ಕಾಲದ ಕಲ್ಲನ್ನು ಓದಲು ಕುಳಿತಾಗ ಅದರಲ್ಲಿ ಬಿರುದುಗಳ ಸಾಲಷ್ಟೇ ಇದ್ದು, ಯಾರಿಗೆ ಏನು ಸಂದಿತೆಂಬ ಪಂಕ್ತಿ ಬರಿದಾಗಿರಬಾರದು.