ಕಾಯುವ ಪ್ರಾಸೆಸ್‌ಗೆ ಬಿಡುಗಡೆಯ ದಾರಿ



ಲಿನಕ್ಸ್ ಕರ್ನಲ್ ಒಳಗೆ ಕಾಯುತ್ತ ನಿಂತ ಪ್ರಾಸೆಸ್ಸನ್ನು ಕೊನೆಗಾಣಿಸುವ ಅಧಿಕಾರ ನಮಗಿರಬೇಕೆ ಎಂಬುದು ಇಂದಿನ ವಿಷಯ. ಕೆಲಸ ಶುರುವಾಗುವ ಮುನ್ನ ಕಾಯುತ್ತಿದ್ದರೆ ಖಂಡಿತ ಇರಬೇಕು ಎಂಬುದು ನನ್ನ ವಾದ.

ಸರ್ವರ್‌ನ ಬ್ಯಾಕಪ್ ಅಥವಾ ಸ್ನ್ಯಾಪ್‌ಶಾಟ್ ತೆಗೆಯುವಾಗ ಡಿಸ್ಕಿನ ಮೇಲಿನ ಮಾಹಿತಿ ಅಲುಗಾಡಬಾರದು. ಅದಕ್ಕಾಗಿ ಫೈಲ್ ಸಿಸ್ಟಮ್ಮನ್ನೇ ಫ್ರೀಜ್ ಮಾಡುತ್ತಾರೆ. ಮೊದಲು ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಿದ್ದ ಈ ಫ್ರೀಜ್ ಆಜ್ಞೆ 2009ರ ಲಿನಕ್ಸ್ 2.6.29ರಲ್ಲಿ ಇತರ ಫೈಲ್ ಸಿಸ್ಟಮ್‌ಗಳಿಗೂ ದೊರೆಯಿತು. ಫ್ರೀಜ್ ಆದಮೇಲೂ ಓದುವ ಕೆಲಸ ಸಾಗುತ್ತದೆ. ಬರೆಯಲು ಬಂದ ಪ್ರಾಸೆಸ್ ನಿದ್ರೆಗೆ ಜಾರುತ್ತದೆ. ಪ್ರಾಸೆಸ್‌ಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ ಅದರ ಸ್ಥಿತಿ ‘ಡಿ’. ಕೊಲ್ಲುವ 9ನೇ ಸಿಗ್ನಲ್ ಕಳಿಸಿದರೂ ಅದು ಏಳದು, ಸಾಯದು. 120 ಸೆಕೆಂಡು ಕಳೆದರೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬರಬಹುದು, ಅಷ್ಟೆ. ಫ್ರೀಜ್ ಮಾಡಿದ ಸಾಧನವೇ ಅದೇ ಡಿಸ್ಕಿಗೆ ಲಾಗ್ ಬರೆಯಲು ಹೋಗಿ ಸಿಕ್ಕಿಬಿದ್ದರಂತೂ ಬಿಡಿಸುವವರೇ ಇಲ್ಲ. ಸಿಸ್‌ಆರ್‌ಕ್ಯೂ ಕೀಲಿಯ ಜೊತೆ ‘ಜೆ’ ಒತ್ತಿ ಫ್ರೀಜನ್ನು ಬಲವಂತವಾಗಿ ಕರಗಿಸುವ ತುರ್ತು ದಾರಿಯನ್ನು ಕರ್ನಲ್ ಇಟ್ಟುಕೊಂಡಿರುವುದು ಇಂಥ ಗಳಿಗೆಗಾಗಿಯೇ.

ಸಾಯಗೊಡದ ಈ ಬಿಗಿಗೆ ಕಾರಣವಿದೆ. ಬರೆಯುವ ಮಧ್ಯೆ ಪ್ರಾಸೆಸ್ ಸತ್ತರೆ ಹಿಡಿದ ಲಾಕ್‌ಗಳು ಹಾಗೇ ಉಳಿದಾವು, ಅರ್ಧ ಬರೆದ ದಾಖಲೆ ಕೆಟ್ಟೀತು. ಆದರೆ ರೈಲ್ವೆ ಗೇಟನ್ನು ನೆನೆಯಿರಿ: ಗೇಟಿನ ಹೊರಗೆ ನಿಂತವರು ಗಾಡಿ ತಿರುಗಿಸಿಕೊಂಡು ಹೋಗಬಹುದು. ಹಳಿಯ ಮೇಲಿರುವವರು ದಾಟಲೇಬೇಕು. ಫ್ರೀಜ್ ಆದ ಫೈಲ್ ಸಿಸ್ಟಮ್‌ನ ಮುಂದೆ ಬರವಣಿಗೆಗೆ ಕಾಯುವ ಪ್ರಾಸೆಸ್ ಇನ್ನೂ ಗೇಟಿನ ಹೊರಗಿದೆ. ಒಂದು ಬೈಟನ್ನೂ ಬದಲಿಸಿಲ್ಲ.

ಇಂಥವನ್ನು ಬಿಡಿಸುವ ಸಾಧನ ಆಗಲೇ ಇದೆ: 2008ರಲ್ಲಿ, ಲಿನಕ್ಸ್ 2.6.25ರಲ್ಲಿ, ಕರ್ನಲ್ ಡೆವಲಪರ್ ಮ್ಯಾಥ್ಯೂ ವಿಲ್ಕಾಕ್ಸ್ ‘ಕಿಲ್ಲಬಲ್’ ಎಂಬ ನಿದ್ರೆಯನ್ನು ತಂದರು. ಅದರಲ್ಲಿ ಮಾರಕ ಸಿಗ್ನಲ್ ಬಂದರೆ ಮಾತ್ರ ಎಚ್ಚರ, ಮಿಕ್ಕ ಸಿಗ್ನಲ್‌ಗಳಿಗೆ ಇಲ್ಲ. ಹೇಗೂ ಸಾಯುವ ಪ್ರೋಗ್ರಾಮ್ ಅರ್ಧಕ್ಕೆ ನಿಂತ ಕರೆಯ ಫಲವನ್ನು ನೋಡುವುದೇ ಇಲ್ಲ. ಹಾಗಾಗಿ ಹಳೆಯ ತಂತ್ರಾಂಶ ಯಾವುದೂ ಮುರಿಯುವುದಿಲ್ಲ. ನೆಟ್‌ವರ್ಕ್ ಫೈಲ್ ಸಿಸ್ಟಮ್ ಆದ ಎನ್‌ಎಫ್‌ಎಸ್‌ನ ಸರ್ವರ್ ಕೈಕೊಟ್ಟಾಗ ಕಾಯುವವರಿಗೆ ಇದರಿಂದ ಬಿಡುಗಡೆ ಸಿಕ್ಕಿತು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬರವಣಿಗೆಗೆ ಅನುಮತಿ ಕೇಳುವ ಕರೆಯೇ ಸಿಗ್ನಲ್‌ಗೆ ಓಗೊಟ್ಟು ದೋಷಸಂಖ್ಯೆಯೊಂದಿಗೆ ಹಿಂದಿರುಗಬಲ್ಲದು. 2012ರಲ್ಲಿ ಕರ್ನಲ್ ಡೆವಲಪರ್ ಯಾನ್ ಕಾರಾ ಲಿನಕ್ಸ್‌ನ ಫ್ರೀಜ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿ, ಬರವಣಿಗೆ, ಪೇಜ್ ಫಾಲ್ಟ್, ಫೈಲ್ ಸಿಸ್ಟಮ್‌ನ ಒಳಕೆಲಸ ಎಂದು ಮೂರು ಹಂತ ಮಾಡಿದರು. ಆದರೆ ಲಿನಕ್ಸ್‌ನಲ್ಲಿ ಅನುಮತಿ ಕೇಳುವ ಫಂಕ್ಷನ್ ‘ಆಗಲಿಲ್ಲ’ ಎಂದು ಹೇಳಲಾರದು. ಅದಕ್ಕೆ ಆ ಮಾತು ಕಲಿಸಿದರೆ, ಅದನ್ನು ಕರೆಯುವ ಪ್ರತಿಯೊಂದು ಜಾಗವೂ ಆ ಉತ್ತರವನ್ನು ಕೇಳಿಸಿಕೊಂಡು ಮರ್ಯಾದೆಯಿಂದ ಹಿಂದೆ ಸರಿಯುವಂತೆ ತಿದ್ದಬೇಕು. ಮೊದಲ ಹಂತದಲ್ಲಿ ಅದು ಶ್ರಮದ ಕೆಲಸ. ಒಳಹಂತಗಳಲ್ಲಿ, ಆಗಲೇ ಲಾಕ್‌ಗಳನ್ನು ಹಿಡಿದಿರುವುದರಿಂದ, ಅಪಾಯದ ಕೆಲಸವೂ ಹೌದು.

ಇದು ದೂರದವರ ಕೆಲಸವೆಂದು ತಿಳಿಯಬೇಡಿ. ಐಬಿಎಂನ ಭಾರತ ತಂಡದ ಸುಪರ್ಣಾ ಭಟ್ಟಾಚಾರ್ಯ ಅವರು ಕಾಯದೆ ಓದುವ, ಬರೆಯುವ ಅಸಿಂಕ್ರನಸ್ ವಿಧಾನದ ಬಗ್ಗೆ 2003ರ ಆಟವಾ ಲಿನಕ್ಸ್ ಸಮಾವೇಶಕ್ಕೆ ಸಹಲೇಖಕರೊಂದಿಗೆ ಪ್ರಬಂಧ ಬರೆದರು. ಅದೇ ತಂಡದ ಅಮಿತ್ ಅರೋರಾ ರೂಪಿಸಿದ, ಫೈಲಿಗೆ ಮೊದಲೇ ಜಾಗ ಕಾದಿರಿಸುವ ‘ಫಾಲೊಕೇಟ್’ ಕರೆ 2007ರಲ್ಲಿ ಕರ್ನಲ್ ಸೇರಿತು. ಫ್ರೀಜ್ ಆದಾಗ ಇಂದು ಆ ಕರೆಯೂ ಬರವಣಿಗೆಯ ಇದೇ ಅನುಮತಿಗಾಗಿ ನಿಂತು ಕಾಯುತ್ತದೆ.

ಮೈಸೂರು ರಸ್ತೆಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಿಮಗೆ ನನ್ನ ಕೋರಿಕೆ ಇಷ್ಟೇ. ಕರ್ನಲ್ ಕೋಡ್ ತೆರೆದಾಗ, ಕಾಯುವ ಪ್ರತಿ ಸಾಲಿನಲ್ಲೂ ನಿಂತು ಕೇಳಿ: ಇಲ್ಲಿ ಸತ್ತರೆ ಏನು ಕೆಡುತ್ತದೆ? ಏನೂ ಕೆಡದೆಂದು ಸಾಧಿಸಿ ತೋರಿಸಬಲ್ಲಿರಾದರೆ, ಆ ಪ್ರಾಸೆಸ್ಸನ್ನು ಬಿಡಿಸುವ ಪ್ಯಾಚ್ ಬರೆಯಿರಿ. ಕೆಡುತ್ತದೆಂದು ಕಂಡರೆ, ಏಕೆ ಬಿಡಿಸಬಾರದೆಂದು ಅಲ್ಲೇ ಕಾಮೆಂಟ್ ಬರೆಯಿರಿ. ಎರಡರಿಂದಲೂ ಮುಂದಿನವರಿಗೆ ಉಪಕಾರವಾಗುತ್ತದೆ.